ನಕ್ಷೆ ‘ಮೇಲೆ’ ಪಾಸಾಗಿದೆ

ಮರಳೂರು ಈಗ ಬೇರೆ ಊರಲ್ಲ. ತುಮಕೂರಿನ ಹೊಟ್ಟೆಯೊಳಗೆ ಸೇರಿಹೋದ ಬಡಾವಣೆ. ಕೆರೆಯೊಂದು ಉಳಿದಿದೆ, ಹೆಸರೊಂದು ಉಳಿದಿದೆ. ಅಲ್ಲಿಂದ ಸೈಕಲ್ ತುಳಿದು ಹೊರಟರೆ ಒಂದು ಕೇರಿ ಸಿಗುತ್ತದೆ. ಆ ಕೇರಿಯ ಹೆಸರು ಇಲ್ಲಿ ಬೇಡ. ಯಾವ ಕೇರಿಯ ಹೆಸರಿಟ್ಟರೂ ಈ ಕತೆ ಸಲ್ಲುತ್ತದೆ.

ಆ ಕೇರಿಗೆ ಒಂದು ಸಮುದಾಯ ಭವನ ಮಂಜೂರಾಯಿತು. ಜನ ಖುಷಿಪಟ್ಟರು. ಮದುವೆಗೆ ಶಾಮಿಯಾನದ ಬಾಡಿಗೆ ತಪ್ಪಿತು ಅಂದುಕೊಂಡರು. ಒಂದು ದಿನ ಇಂಜಿನಿಯರ್ ಸಾಹೇಬರು ಬಂದರು. ಜೀಪಿನ ಬಾನೆಟ್ ಮೇಲೆ ಹಾಳೆ ಹರಡಿದರು. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿದರು. ಗೆರೆ ನೋಡಿದ ಮೇಲೆ ಕೇರಿಯವರಿಗೆ ಗೊತ್ತಾದದ್ದು ಇಷ್ಟು: ಭವನದ ಬಾಗಿಲು ಊರಿನ ಕಡೆಗೆ, ಬೆನ್ನು ಕೇರಿಯ ಕಡೆಗೆ. ಕಕ್ಕಸ್ಸು ಕೇರಿಯವರು ನೀರು ಹಿಡಿಯುವ ತೊಂಬೆಯ ಪಕ್ಕಕ್ಕೆ.

ಜೀವಮಾನವೆಲ್ಲ ಗಾರೆ ಕೆಲಸ ಮಾಡಿದ ನಮ್ಮ ಹಿರಿಯರೊಬ್ಬರು ಮುಂದೆ ಹೋಗಿ ಕೇಳಿದರು: “ಬಾಗ್ಲು ನಮ್ ಕಡೀಕೆ ಇಟ್ರೆ ಆಗಲ್ವಾ ಸ್ವಾಮಿ?”

“ದಕ್ಷಿಣಕ್ಕೆ ಬಾಗಿಲು ಇಡೋದಿಲ್ಲ ಕಣಯ್ಯಾ. ಅಲ್ಲದೆ ನಕ್ಷೆ ಮೇಲೇ ಪಾಸಾಗಿದೆ. ನನ್ನ ಕೈಲೇನಿಲ್ಲ.”

“ಮೇಲೆ ಅಂದ್ರೆ?”

“ಮೇಲೆ ಅಂದ್ರೆ ಮೇಲೆ.”

ಆ ನಕ್ಷೆ ನೋಡಬೇಕೆಂದು ನಾನು ಒಂದು ಕಚೇರಿಗೆ ಹೋದೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, “ನೀವು ಕಂಟ್ರಾಕ್ಟರಾ?” ಅಂದರು. ಅಲ್ಲ ಅಂದೆ. “ಮತ್ತೆ ನಿಮಗ್ಯಾಕೆ ನಕ್ಷೆ?” ಅಂದರು. ಉತ್ತರ ಹೊಳೆಯದೆ ಹೊರಗೆ ಬಂದೆ.

ಬಿ.ಎ.ಗೆ ನಾನು ಇತಿಹಾಸ ಓದಿದವನು. ಯಾವ ರಾಜ ಯಾವ ಗುಡಿ ಕಟ್ಟಿಸಿದ ಅಂತ ಕೇಳಿದರೆ ಪುಟಗಟ್ಟಲೆ ಬರೆಯಬಲ್ಲೆ. ಆದರೆ ಸರ್ಕಾರದ ಒಂದು ಕಟ್ಟಡದ ನಕ್ಷೆಗೆ ಯಾರು ಯಾರು ಒಪ್ಪಿಗೆ ಕೊಡಬೇಕು, ಆ ಒಪ್ಪಿಗೆಯ ಅಧಿಕಾರ ಅವರಿಗೆ ಎಲ್ಲಿಂದ ಬಂತು ಅಂತ ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಆ ‘ಮೇಲೆ’ ಎಂಬುದು ಎಲ್ಲಿದೆ ಎಂದು ಹುಡುಕಿಕೊಂಡು ಹೋದ ಲೆಕ್ಕ ಈ ಬರಹ.

೧

ಮೈಸೂರು ಸೀಮೆಯನ್ನು ೧೮೩೧ರಲ್ಲಿ ಬ್ರಿಟಿಷರು ತಮ್ಮ ಆಡಳಿತಕ್ಕೆ ತೆಗೆದುಕೊಂಡರು. ೧೮೩೪ರಿಂದ ೧೮೬೧ರವರೆಗೆ ಮಾರ್ಕ್ ಕಬ್ಬನ್ ಇಲ್ಲಿ ಕಮಿಷನರ್ ಆಗಿದ್ದ. ಅವನ ಕಾಲದಲ್ಲೇ, ೧೮೫೬ರಲ್ಲಿ, ಮೈಸೂರಿಗೆ ಪ್ರತ್ಯೇಕ ಲೋಕೋಪಯೋಗಿ ಇಲಾಖೆ ಹುಟ್ಟಿತು. ಡಾಲ್‌ಹೌಸಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಇಂಥ ಇಲಾಖೆ ಮಾಡಿ ಆಗ ಎರಡು ವರ್ಷವಾಗಿತ್ತು. ಅದಕ್ಕೆ ಮುಂಚೆ ನಮ್ಮಲ್ಲಿ ಇದ್ದದ್ದು ಮರಾಮತ್ತು. ಕೆರೆ ಕಟ್ಟೆ ಕಾಲುವೆಗಳ ದುರಸ್ತಿಯ ವ್ಯವಸ್ಥೆ.

ಮುಂಚೆ ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಕಲ್ಲು ಒಡೆದವನನ್ನು ಹೊರಗೆ ನಿಲ್ಲಿಸಿ ಗುಡಿಗೆ ಕಳಶ ಇಟ್ಟ ನಾಡು ಇದು. ಆದರೆ ಇಲಾಖೆ ಬಂದ ಮೇಲೆ ಒಂದು ಹೊಸ ಸಂಗತಿ ನಡೆಯಿತು. ನಕ್ಷೆ ಎನ್ನುವುದು ಕಾಗದವಾಯಿತು. ಅದರ ಜೊತೆಗೆ ಅಂದಾಜು ಪಟ್ಟಿ ಬಂತು. ಅದರ ಮೇಲೆ ಮಂಜೂರಾತಿ ಬಂತು. ಕಾಗದದ ಮೇಲೆ ಗೆರೆ ಎಳೆಯುವವನೇ ಬೇರೆ, ನೆಲದ ಮೇಲೆ ಕಲ್ಲು ಇಡುವವನೇ ಬೇರೆ ಆದ. ಗೆರೆ ಎಳೆಯುವವನಿಗೆ ಓದು ಬೇಕು, ಇಂಗ್ಲಿಷು ಬೇಕು. ಆ ಓದು ಯಾರ ಮನೆಯಲ್ಲಿತ್ತು? ನಮ್ಮ ಮನೆಯಲ್ಲಿ ಅಂತೂ ಇರಲಿಲ್ಲ. ಹೀಗೆ ಬಹಳ ಹಳೆಯ ಒಂದು ಭೇದ ಹೊಸ ಅಂಗಿ ತೊಟ್ಟುಕೊಂಡು ಕಚೇರಿಯಲ್ಲಿ ಕೂತಿತು.

ಬೆಂಗಳೂರಿನ ಕೆಂಪು ಕಟ್ಟಡ, ಅಠಾರಾ ಕಚೇರಿಯನ್ನು ನೋಡಿ. ೧೮೬೪ರಲ್ಲಿ ಶುರುವಾಗಿ ೧೮೬೮ಕ್ಕೆ ಮುಗಿದ ಕಟ್ಟಡ. ಅದುವರೆಗೆ ಟಿಪ್ಪುವಿನ ಅರಮನೆಯಲ್ಲಿ ನಡೆಯುತ್ತಿದ್ದ ಹದಿನೆಂಟು ಇಲಾಖೆಗಳು ಅಲ್ಲಿಗೆ ಬಂದವು. ಅಠಾರಾ ಅಂದರೆ ಹದಿನೆಂಟು. ಹೆಸರು ಬಂದದ್ದು ಹಾಗೆ. ನಕ್ಷೆ ಮಾಡಿದವನು ಮುಖ್ಯ ಇಂಜಿನಿಯರ್ ಸ್ಯಾಂಕಿ. ಅವನ ಹೆಸರಿನ ಕೆರೆ ಬೆಂಗಳೂರಿನಲ್ಲಿದೆ. ಕಬ್ಬನ್ ಹೆಸರಿನ ಪಾರ್ಕು ಪಕ್ಕದಲ್ಲೇ ಇದೆ. ಆಗ ‘ಮೇಲೆ’ ಎಂದರೆ ಕಮಿಷನರ್. ಅವನ ಮೇಲೆ ಕಲ್ಕತ್ತೆಯ ಸರ್ಕಾರ. ಆ ಕಚೇರಿಗೆ ಅರ್ಜಿ ಹಿಡಿದು ಬರಬೇಕಾದ ಜನರನ್ನು ಬಾಗಿಲು ಎತ್ತ ಇರಲಿ ಅಂತ ಕೇಳುವ ಪದ್ಧತಿ ಎಲ್ಲೂ ಇರಲಿಲ್ಲ.

೧೮೮೧ರಲ್ಲಿ ಅರಸರಿಗೆ ರಾಜ್ಯ ಮರಳಿತು. ದಿವಾನ್ ರಂಗಾಚಾರ್ಲು ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಕರೆದರು. ೧೪೪ ಜನ ಬಂದರು. ಜಮೀನುದಾರರು, ವರ್ತಕರು. ರಸ್ತೆ ಕೇಳಬಹುದಿತ್ತು, ಆಸ್ಪತ್ರೆ ಕೇಳಬಹುದಿತ್ತು. ಕೊಡುವುದು ಬಿಡುವುದು ದಿವಾನರ ಇಷ್ಟ. ‘ಮೇಲೆ’ ಕಮಿಷನರನಿಂದ ದಿವಾನರಿಗೆ ಕೈ ಬದಲಾಯಿಸಿತು. ಕೆಳಗಿದ್ದವರು ಕೆಳಗೇ ಇದ್ದರು.

೧೯೩೯ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರು ಆಟೋ ಕೋನಿಗ್ಸ್‌ಬರ್ಗರ್ ಎಂಬವರನ್ನು ಕರೆಸಿ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ನೇಮಿಸಿದರು. ಹುಟ್ಟಿನ ಕಾರಣಕ್ಕೆ ಹಿಟ್ಲರನ ಜರ್ಮನಿ ಹೊರಗೆ ಹಾಕಿದ ಮನುಷ್ಯ ಆತ. ಹುಟ್ಟಿನ ಕಾರಣಕ್ಕೆ ಊರ ಹೊರಗಿದ್ದ ಲಕ್ಷಾಂತರ ಜನರ ನಾಡಿಗೆ ಬಂದು ಸರ್ಕಾರದ ಕಟ್ಟಡಗಳಿಗೆ ಗೆರೆ ಎಳೆದ. ಇತಿಹಾಸ ಇಂಥ ಭೇಟಿಗಳನ್ನು ಮಾಡಿಸುತ್ತದೆ. ಆದರೆ ಆ ಇಬ್ಬರೂ ಎದುರುಬದುರು ಕೂತು ಮಾತಾಡಿದ್ದಕ್ಕೆ ಯಾವ ಕಡತವೂ ಇಲ್ಲ.

೨

ಈ ಹುಡುಕಾಟದಲ್ಲಿ ನನಗೆ ಸಿಕ್ಕ ಬಹಳ ಮುಖ್ಯವಾದ ಕಾಗದ ೧೮೯೯ರದು. ಆ ವರ್ಷದ ನಾಲ್ಕನೇ ಕಾಯ್ದೆ. ಸರ್ಕಾರಿ ಕಟ್ಟಡಗಳ ಕಾಯ್ದೆ ಅಂತ ಹೆಸರು. ನಾಲ್ಕೇ ನಾಲ್ಕು ಕಲಮು. ಅದು ಬ್ರಿಟಿಷ್ ಇಂಡಿಯಾಕ್ಕೆ ಮಾಡಿದ್ದು. ಅಂದರೆ ಇವತ್ತಿನ ಕರ್ನಾಟಕದಲ್ಲಿ ಬೆಳಗಾವಿ, ಧಾರವಾಡ, ಬಿಜಾಪುರ, ಬಳ್ಳಾರಿ, ಮಂಗಳೂರು, ಕೊಡಗು ಆಗ ಅದರ ಕೆಳಗೆ ಬಂದವು. ತುಮಕೂರು ಅರಸರ ಸೀಮೆ, ಬರಲಿಲ್ಲ. ಆದರೂ ಸರ್ಕಾರ ಎನ್ನುವುದು ತನ್ನ ಕಟ್ಟಡದ ಬಗ್ಗೆ ಹೇಗೆ ಯೋಚಿಸುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆ ಕನ್ನಡಿ ಇಲ್ಲ.

ಆ ಹೊತ್ತಿಗೆ ಪಟ್ಟಣಗಳಲ್ಲಿ ಮುನಿಸಿಪಾಲಿಟಿಗಳು ಬಂದಿದ್ದವು. ಮನೆ ಕಟ್ಟುವವನು ನಕ್ಷೆ ಕೊಟ್ಟು ಮುನಿಸಿಪಾಲಿಟಿಯ ಒಪ್ಪಿಗೆ ಪಡೆಯಬೇಕಿತ್ತು. ಆಗ ಪ್ರಶ್ನೆ ಎದ್ದಿತು: ಸರ್ಕಾರವೇ ಕಟ್ಟಡ ಕಟ್ಟಿದರೆ? ಅದೂ ಹೋಗಿ ಮುನಿಸಿಪಾಲಿಟಿ ಮುಂದೆ ಕೈಕಟ್ಟಿ ನಿಲ್ಲಬೇಕೆ? ಕಾಯ್ದೆ ಹೇಳಿತು: ಬೇಕಿಲ್ಲ. ಸರ್ಕಾರದ ಕಟ್ಟಡಕ್ಕೆ ಪುರಸಭೆಯ ಕಟ್ಟಡ ನಿಯಮ ಅನ್ವಯಿಸುವುದಿಲ್ಲ. ಕೆಲಸ ಶುರು ಮಾಡುವ ಮುಂಚೆ ಒಂದು ತಿಳುವಳಿಕೆ ಕೊಟ್ಟರೆ ಸಾಕು. ಮಿಲಿಟರಿ ಕಟ್ಟಡವಾದರೆ, ಗುಟ್ಟಿನ ಕಟ್ಟಡವಾದರೆ ಅದೂ ಬೇಡ.

ಒಪ್ಪಿಗೆ ಬೇರೆ, ತಿಳುವಳಿಕೆ ಬೇರೆ. ಈ ಎರಡು ಮಾತಿನ ನಡುವೆ ಇಡೀ ಪ್ರಜಾಪ್ರಭುತ್ವ ಬಿದ್ದು ಒದ್ದಾಡುತ್ತಿದೆ. ನಮ್ಮ ಕೇರಿಗೆ ಆವತ್ತು ಬಂದದ್ದೂ ತಿಳುವಳಿಕೆಯೇ. ಸುಣ್ಣದ ಗೆರೆಯ ರೂಪದಲ್ಲಿ ಬಂತು.

ಆದರೆ ಕಾಯ್ದೆಯ ಕೊನೆಯ ಕಲಮಿನಲ್ಲಿ ಇನ್ನೊಂದು ಮಾತಿದೆ. ಮುನಿಸಿಪಾಲಿಟಿಯವರು ಜಾಗವನ್ನೂ ನಕ್ಷೆಗಳನ್ನೂ ನೋಡಬಹುದು. ಆಕ್ಷೇಪಣೆ ಇದ್ದರೆ, ಸಲಹೆ ಇದ್ದರೆ ಬರೆದು ಕೊಡಬಹುದು. ಸರ್ಕಾರ ಅದನ್ನು ಪರಿಶೀಲಿಸಿ ಆದೇಶ ಮಾಡಬೇಕು. ಆಕ್ಷೇಪಣೆಯನ್ನು ತಳ್ಳಿಹಾಕುವುದಾದರೆ ಯಾಕೆ ತಳ್ಳಿಹಾಕಿದೆವು ಅಂತ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು.

ನೋಡಿ, ಪರದೇಶಿ ದೊರೆಗಳ ಕಾಯ್ದೆ! ಅದಕ್ಕೂ ‘ಮೇಲೆ ಅಂದ್ರೆ ಮೇಲೆ’ ಎಂದು ಬಾಯಿಮಾತಿನಲ್ಲಿ ಮುಗಿಸುವ ಧೈರ್ಯ ಇರಲಿಲ್ಲ. ಕಾರಣ ಬರೆದುಕೊಡಬೇಕು ಎಂದಿತು. ಆಗಿನ ಮುನಿಸಿಪಾಲಿಟಿಗಳಲ್ಲಿ ನಮ್ಮವರು ಸದಸ್ಯರಾಗಿ ಕೂರುವ ಮಾತು ಎಲ್ಲಿತ್ತು? ಅಲ್ಲಿ ನಮ್ಮವರ ಕೈಲಿದ್ದದ್ದು ಪೊರಕೆ, ತಲೆಯ ಮೇಲಿದ್ದದ್ದು ಬುಟ್ಟಿ. ಆದ್ದರಿಂದ ಆ ಹಕ್ಕು ನಮ್ಮ ಅಜ್ಜಂದಿರಿಗೆ ದಕ್ಕಲಿಲ್ಲ. ಆದರೆ ಆ ತತ್ವ ನಮಗೆ ಬೇಕು.

೩

ನಕ್ಷೆಯಲ್ಲಿ ಬಾಗಿಲು ಇದ್ದ ಮಾತ್ರಕ್ಕೆ ಒಳಗೆ ಹೋಗಲು ಆಗುತ್ತದೆಯೆ?

೧೯೨೩ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಳೆಯವರು ಒಂದು ಗೊತ್ತುವಳಿ ತಂದರು. ಸಾರ್ವಜನಿಕ ಹಣದಲ್ಲಿ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆಗಳನ್ನೂ ಶಾಲೆ, ಕೋರ್ಟು, ಕಚೇರಿ, ದವಾಖಾನೆಗಳನ್ನೂ ಅಸ್ಪೃಶ್ಯರು ಬಳಸಲು ಬಿಡಬೇಕು ಎಂದು. ಆಗ ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಎಲ್ಲ ಮುಂಬಯಿಗೆ ಸೇರಿದ್ದವು. ಈ ಗೊತ್ತುವಳಿಯನ್ನು ತಿರುಗಿಸಿ ಓದಿ. ಕೋರ್ಟು ಕಚೇರಿ ದವಾಖಾನೆಗಳಿಗೆ ಬಿಡಬೇಕು ಅಂತ ಠರಾವು ಮಾಡಬೇಕಾಯಿತು ಎಂದರೆ, ಅದುವರೆಗೆ ಬಿಡುತ್ತಿರಲಿಲ್ಲ ಎಂದೇ ಅರ್ಥ. ಸರ್ಕಾರವೇ ನಕ್ಷೆ ಮಾಡಿ, ಸರ್ಕಾರವೇ ಒಪ್ಪಿ, ಸರ್ಕಾರದ ಹಣದಲ್ಲಿ ಕಟ್ಟಿದ ಕಟ್ಟಡದ ಬಾಗಿಲಲ್ಲಿ ಕಾವಲಿಗೆ ನಿಂತದ್ದು ಜಾತಿ. ಇಂಜಿನಿಯರನ ನಕ್ಷೆಯ ಮೇಲೆ ಕಣ್ಣಿಗೆ ಕಾಣದ ಇನ್ನೊಂದು ನಕ್ಷೆ ಇತ್ತು. ಅದಕ್ಕೆ ಯಾರ ಸಹಿಯೂ ಬೇಕಿರಲಿಲ್ಲ.

ಮೈಸೂರಿನಲ್ಲೂ ಅಷ್ಟೇ. ೧೯೧೦ರ ದಶಕದಲ್ಲಿ ಪಂಚಮರ ಮಕ್ಕಳನ್ನು ಸರ್ಕಾರಿ ಶಾಲೆಯೊಳಗೆ ಸೇರಿಸಿಕೊಳ್ಳಬೇಕು ಅಂತ ಆದೇಶವಾದಾಗ ಮೇಲ್ಜಾತಿಯವರು ಕೆಲವೆಡೆ ತಮ್ಮ ಮಕ್ಕಳನ್ನೇ ಶಾಲೆ ಬಿಡಿಸಿದರು.

ಬೋಳೆ ಗೊತ್ತುವಳಿಯನ್ನು ಕಾಗದದಿಂದ ನೆಲಕ್ಕೆ ಇಳಿಸಿದವರು ಬಾಬಾಸಾಹೇಬರು. ೧೯೨೭ರ ಮಾರ್ಚ್ ೨೦ರಂದು ಮಹಾಡದ ಚೌದಾರ್ ಕೆರೆಗೆ ನಡೆದು ಹೋಗಿ ನೀರು ಕುಡಿದರು. ಮಹಾಡದ ಪುರಸಭೆ ಆ ಕೆರೆ ಎಲ್ಲರಿಗೂ ಮುಕ್ತ ಎಂದು ಮೊದಲೇ ಠರಾವು ಮಾಡಿತ್ತು. ಠರಾವು ಇದ್ದೂ ನೀರು ಸಿಗಲು ಸಾವಿರಾರು ಜನ ನಡೆಯಬೇಕಾಯಿತು, ಏಟು ತಿನ್ನಬೇಕಾಯಿತು.

ಬಾಬಾಸಾಹೇಬರ ಇನ್ನೊಂದು ಕೆಲಸ ನಮ್ಮ ಸಭೆಗಳಲ್ಲಿ ಹೆಚ್ಚು ಕೇಳಿಬರುವುದಿಲ್ಲ. ೧೯೪೨ರಿಂದ ೧೯೪೬ರವರೆಗೆ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರು. ಕೇಂದ್ರ ಲೋಕೋಪಯೋಗಿ ಇಲಾಖೆ ಆಗ ಕಾರ್ಮಿಕ ಇಲಾಖೆಯ ಕೆಳಗಿತ್ತು. ಅಂದರೆ ಶಾಲೆಯಲ್ಲಿ ಗೋಣಿತಾಟಿನ ಮೇಲೆ ಬೇರೆ ಕೂತ ಹುಡುಗ ಒಂದು ದಿನ ಇಡೀ ಇಂಡಿಯಾ ಸರ್ಕಾರದ ಕಟ್ಟಡಗಳ ಇಲಾಖೆಯ ‘ಮೇಲೆ’ ಕೂತ. ೧೯೪೨ರಲ್ಲೇ ಅವರು ವೈಸರಾಯ್‌ಗೆ ಪರಿಶಿಷ್ಟ ಜಾತಿಗಳ ಕುಂದುಕೊರತೆಯ ದೊಡ್ಡ ಮನವಿ ಬರೆದರು. ಲೋಕೋಪಯೋಗಿ ಗುತ್ತಿಗೆಗಳಲ್ಲಿ ನಮ್ಮವರಿಗೆ ಪಾಲೇ ಇಲ್ಲ ಎಂಬ ದೂರು ಅದರಲ್ಲಿದೆ. ಅವರು ಕೇಳಿದ್ದು ಬರೀ ಕೂಲಿಯನ್ನಲ್ಲ, ಕಾಗದದಲ್ಲಿ ಪಾಲನ್ನು.

ಆ ಮಾತಿಗೆ ಕರ್ನಾಟಕದಲ್ಲಿ ಉತ್ತರ ಬರಲು ಎಪ್ಪತ್ತು ವರ್ಷದ ಮೇಲೆ ಹಿಡಿಯಿತು. ೧೯೯೯ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಗೆ ತಿದ್ದುಪಡಿ ತಂದು, ೫೦ ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ ೧೭.೧೫, ಪಂಗಡಕ್ಕೆ ಶೇಕಡಾ ೬.೯೫ ಮೀಸಲಿಟ್ಟರು. ೨೦೨೩ರಲ್ಲಿ ಆ ಮಿತಿಯನ್ನು ಒಂದು ಕೋಟಿಗೆ ಏರಿಸಿದರು. ಒಳ್ಳೆಯದೇ. ಆದರೆ ಗುತ್ತಿಗೆಯಲ್ಲಿ ಮೀಸಲು ಬಂತು, ನಕ್ಷೆಯಲ್ಲಿ ಬರಲಿಲ್ಲ. ನಮ್ಮವನೊಬ್ಬ ಕಂಟ್ರಾಕ್ಟರ್ ಆದರೂ ಅವನು ಕಟ್ಟಬೇಕಾದ್ದು ಬೆನ್ನು ತಿರುಗಿಸಿದ ಭವನವನ್ನೇ.

೪

ಈಗ ವಿಧಾನಸೌಧಕ್ಕೆ ಬರೋಣ. ಕರ್ನಾಟಕದಲ್ಲಿ ಸರ್ಕಾರದ ಕಟ್ಟಡ ಅಂದರೆ ಕಣ್ಣ ಮುಂದೆ ಬರುವುದು ಅದೇ.

೧೯೫೧ರ ಜುಲೈ ೧೩ರಂದು ನೆಹರೂ ಶಂಕುಸ್ಥಾಪನೆ ಮಾಡಿದರು. ಆಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಆಗಿನ ನಕ್ಷೆ ಸರಳವಾದದ್ದು. ೧೯೫೨ರಲ್ಲಿ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾದರು. ಬೆಂಗಳೂರು ನೋಡಲು ಬಂದ ರಷ್ಯದ ನಿಯೋಗದವರು ‘ನಿಮ್ಮದೇ ಶೈಲಿಯ ಕಟ್ಟಡ ಯಾವುದೂ ಇಲ್ಲವೆ’ ಅಂತ ಕೇಳಿದರಂತೆ, ಅದು ಕೆಂಗಲ್‌ರ ಮನಸ್ಸಿಗೆ ನಾಟಿತಂತೆ. ಹೀಗೊಂದು ಕತೆ ಇದೆ. ಕತೆ ಹೇಗೇ ಇರಲಿ, ನಕ್ಷೆ ಪೂರ್ತಿ ಬದಲಾಯಿತು. ಸರ್ಕಾರದ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಹೊಸ ನಕ್ಷೆ ಮಾಡಿದರು. ದ್ರಾವಿಡ ಗುಡಿಯ ಕಂಬ, ಗೋಪುರ, ಕಮಾನು ಬಂದವು. ೧೯೫೬ಕ್ಕೆ ಕಟ್ಟಡ ಮುಗಿಯಿತು. ಖರ್ಚು ಒಂದೂಮುಕ್ಕಾಲು ಕೋಟಿಯ ಮೇಲೆ ಹೋಯಿತು. ಕಟ್ಟಡ ಪೂರ್ತಿಯಾಗುವ ವರ್ಷವೇ ಕೆಂಗಲ್ ಕುರ್ಚಿ ಬಿಟ್ಟರು. ಖರ್ಚಿನ ಬಗ್ಗೆ ಆಮೇಲೆ ವಿಚಾರಣೆಯೂ ನಡೆಯಿತು.

ವಿಚಾರಣೆ ನಡೆದದ್ದು ದುಡ್ಡಿನ ಬಗ್ಗೆ. ಇನ್ನೊಂದು ವಿಚಾರಣೆ ನಡೆಯಬೇಕಿತ್ತು, ನಡೆಯಲಿಲ್ಲ. ಗಣರಾಜ್ಯದ ಶಾಸನಸಭೆ ಗುಡಿಯ ಹಾಗೆ ಯಾಕೆ ಕಾಣಬೇಕು? ನಮ್ಮ ಜನ ಸಾವಿರ ವರ್ಷ ಹೊರಗೆ ನಿಂತು ನೋಡಿದ ಕಟ್ಟಡದ ರೂಪವನ್ನೇ ನಮ್ಮ ಓಟಿನ ಮನೆಗೂ ಕೊಡಬೇಕೆಂದು ಒಪ್ಪಿದವರು ಯಾರು? ಕೆಂಗಲ್‌ರ ಸ್ವಾಭಿಮಾನವನ್ನು ನಾನು ಅಲ್ಲಗಳೆಯುವುದಿಲ್ಲ. ಬಿಳಿಯರ ಶೈಲಿಗೆ ಸೆಡ್ಡು ಹೊಡೆಯಬೇಕು ಎನ್ನುವುದು ದೊಡ್ಡ ಹಠ. ರೈತನ ಮಗನೊಬ್ಬ ಹಿಡಿದ ಹಠ. ಆದರೆ ‘ನಮ್ಮ ಶೈಲಿ’ ಎಂದಾಗ ಆ ‘ನಮ್ಮ’ ಎನ್ನುವುದರಲ್ಲಿ ಯಾರಿದ್ದರು? ಬಾಗಿಲ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದರು. ದೇವರ ಕೆಲಸ ನಡೆಯುವ ಜಾಗಗಳಲ್ಲಿ ನಮ್ಮನ್ನು ಎಲ್ಲಿ ನಿಲ್ಲಿಸುತ್ತಿದ್ದರು ಎನ್ನುವುದು ನಮಗೆ ಚೆನ್ನಾಗಿ ಗೊತ್ತಿತ್ತು.

ಮತ್ತೆ ಕಟ್ಟಿದವರು ಯಾರು? ಸುಮಾರು ಐದು ಸಾವಿರ ಕೂಲಿಗಳು, ಸಾವಿರದೈನೂರು ಕಲ್ಲುಕುಟಿಗರು, ಬಡಗಿಗಳು. ಜೈಲಿನ ಕೈದಿಗಳೂ ಕಲ್ಲು ಹೊತ್ತರು. ಕಲ್ಲು ಬೆಂಗಳೂರಿನ ಸುತ್ತಲಿನದು. ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ನಮ್ಮ ತುರುವೇಕೆರೆಯ ಕರಿಕಲ್ಲು. ನಮ್ಮ ಜಿಲ್ಲೆಯ ಕಲ್ಲು ಹೋಗಿ ವಿಧಾನಸೌಧದಲ್ಲಿ ನಿಂತಿದೆ ಅಂತ ಗೊತ್ತಾದಾಗ ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಕಲ್ಲಿಗೆ ಸಿಕ್ಕ ಪ್ರವೇಶ ಕಲ್ಲು ಒಡೆದವನಿಗೆ ಸಿಕ್ಕಿತೆ? 

ಇನ್ನೊಂದು ಸಂಗತಿ. ಅದೇ ವಿಧಾನಸೌಧದಲ್ಲಿ ಮುಖ್ಯಮಂತ್ರಿಗಳ ಕೊಠಡಿಯ ದಕ್ಷಿಣದ ಬಾಗಿಲು ವಾಸ್ತು ಸರಿಯಿಲ್ಲ ಎಂದು ಮುಚ್ಚಿತ್ತು. ೨೦೨೩ರ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅದನ್ನು ತೆಗೆಸಿ ಒಳಗೆ ಹೋದರು. ಮುಖ್ಯ ಇಂಜಿನಿಯರ್, ಮುಖ್ಯ ವಾಸ್ತುಶಿಲ್ಪಿ, ಮಂತ್ರಿಮಂಡಲ ಎಲ್ಲರೂ ಒಪ್ಪಿ ಇಟ್ಟ ಬಾಗಿಲನ್ನು ಯಾವ ಅಧಿಕಾರವೂ ಇಲ್ಲದ ಜ್ಯೋತಿಷಿ ಮುಚ್ಚಿಸಬಲ್ಲ! ನಮ್ಮ ಕೇರಿಯ ಭವನಕ್ಕೂ ದಕ್ಷಿಣಕ್ಕೆ ಬಾಗಿಲು ಬೇಡ ಎಂದರಲ್ಲ, ನೆನಪಿದೆಯೆ? ಕೇರಿ ಇರುವುದೇ ಊರಿನ ದಕ್ಷಿಣಕ್ಕೆ. ನಮ್ಮನ್ನು ಯಮನ ದಿಕ್ಕಿಗೆ ಕಳಿಸಿದವರೂ ಅವರೇ. ಆ ದಿಕ್ಕಿಗೆ ಬಾಗಿಲು ಇಡಬಾರದು ಎನ್ನುವವರೂ ಅವರೇ.

೫

ಮುಂಬಾಗಿಲ ಮಾತು ಸಾಕು, ಹಿಂಬಾಗಿಲಿಗೆ ಬನ್ನಿ.

ಬೆಂಗಳೂರು ಮೈಸೂರುಗಳ ಹಳೇ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಸಣ್ಣ ಗಲ್ಲಿ ಇರುತ್ತದೆ. ಕನ್ಸರ್ವೆನ್ಸಿ ಗಲ್ಲಿ ಅಂತ ಕರೆಯುತ್ತಾರೆ. ಅದು ತಾನಾಗಿ ಆದ ಗಲ್ಲಿಯಲ್ಲ. ಇಂಜಿನಿಯರ್ ಗೆರೆ ಎಳೆದು, ಮೇಲಿನವರು ಒಪ್ಪಿ, ಪಾಸಾದ ಗಲ್ಲಿ. ಮಲ ಹೊರುವವರು ಮುಂಬಾಗಿಲಿಂದ ಕಾಣಿಸಿಕೊಳ್ಳದೆ ಹಿಂದಿನಿಂದ ಬಂದು ಬುಟ್ಟಿ ತುಂಬಿಕೊಂಡು ಹೋಗಲಿ ಅಂತ ಮಾಡಿದ್ದು. ಜಾತಿಯನ್ನು ಅಡಿ, ಅಂಗುಲದ ಲೆಕ್ಕದಲ್ಲಿ ನಕ್ಷೆಗೆ ಇಳಿಸಿದ್ದು. ‘ನಕ್ಷೆಗೆ ಜಾತಿ ಇಲ್ಲ, ಅದು ಬರೀ ತಾಂತ್ರಿಕ ವಿಷಯ’ ಅನ್ನುವವರನ್ನು ಕರೆದುಕೊಂಡು ಹೋಗಿ ಆ ಗಲ್ಲಿ ತೋರಿಸಬೇಕು.

ಆ ನಕ್ಷೆಗೆ ಮೊದಲು ಅಡ್ಡಗೆರೆ ಎಳೆದ ಮಂತ್ರಿ ಬಿ. ಬಸವಲಿಂಗಪ್ಪನವರು. ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶದ ಕಾಯ್ದೆ ಬಂದದ್ದು ೧೯೯೩ರಲ್ಲಿ, ಇನ್ನೂ ಬಿಗಿಯಾದದ್ದು ೨೦೧೩ರಲ್ಲಿ. ಬಸವಲಿಂಗಪ್ಪನವರು ಇಪ್ಪತ್ತು ವರ್ಷ ಮುಂಚೆಯೇ ಹೇಳಿದರು. ೧೯೭೩ರಲ್ಲಿ ಬೂಸಾ ಮಾತಿನ ನೆಪ ಮಾಡಿ ಅವರ ಕುರ್ಚಿ ತೆಗೆದರು. ನಮ್ಮ ಚಳವಳಿ ಎದ್ದದ್ದು ಆ ಬೆಂಕಿಯಿಂದ. ಒಬ್ಬ ದಲಿತ ಮಂತ್ರಿ ‘ಮೇಲೆ’ ಕೂತಾಗ ನಕ್ಷೆ ಬದಲಾಗುತ್ತದೆ ಎನ್ನುವುದಕ್ಕೂ, ಅಲ್ಲಿ ಬಹಳ ದಿನ ಕೂರಲು ಬಿಡುವುದಿಲ್ಲ ಎನ್ನುವುದಕ್ಕೂ ಅವರೇ ಸಾಕ್ಷಿ.

ಕಾಯ್ದೆ ಬಂದ ಮೇಲೆ ಏನಾಯಿತು? ಹಾವೇರಿ ಜಿಲ್ಲೆಯ ಸವಣೂರಿಗೆ ಹೋಗಿ ಬನ್ನಿ. ಅಲ್ಲಿ ತಲೆಮಾರುಗಳಿಂದ ಊರಿನ ಮಲ ಹೊತ್ತ ಭಂಗಿ ಕುಟುಂಬಗಳು ವಾಸವಿದ್ದ ಜಾಗದಲ್ಲಿ ವಾಣಿಜ್ಯ ಮಳಿಗೆ ಕಟ್ಟಬೇಕೆಂದು ಪುರಸಭೆ ಹೊರಟಿತು. ಇವರನ್ನು ಎಬ್ಬಿಸಲು ನೋಡಿತು. ೨೦೧೦ರ ಜುಲೈನಲ್ಲಿ ಅವರು ಪುರಸಭೆಯ ಮುಂದೆ ಬಂದು ಮೈಮೇಲೆ ಮಲ ಸುರಿದುಕೊಂಡರು. ಆಗ ನಾಡು ತಿರುಗಿ ನೋಡಿತು.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿ ಇಟ್ಟು ನೋಡಿ. ೧೯೮೦ರ ದಶಕದಲ್ಲಿ ಅಠಾರಾ ಕಚೇರಿಯನ್ನೇ ಕೆಡವುವ ಯೋಚನೆ ಸರ್ಕಾರಕ್ಕೆ ಬಂತು. ಬೆಂಗಳೂರಿನ ಪ್ರಜ್ಞಾವಂತರು ಎದ್ದರು, ಹೈಕೋರ್ಟಿಗೆ ಸಾರ್ವಜನಿಕ ಹಿತದ ಅರ್ಜಿ ಹೋಯಿತು, ಕಟ್ಟಡ ಉಳಿಯಿತು. ಅವರನ್ನು ನಾನು ಹೀಗಳೆಯುವುದಿಲ್ಲ. ಸರ್ಕಾರದ ನಕ್ಷೆಗೆ ‘ಬೇಡ’ ಅನ್ನಬಹುದು ಎಂದು ಅವರು ತೋರಿಸಿಕೊಟ್ಟರು. ಆದರೆ ಓದಿದವರ ಬೇಡ ಅನ್ನುವ ಮಾತು ಅರ್ಜಿಯಾಗಿ ಕೋರ್ಟಿಗೆ ಹೋಗುತ್ತದೆ. ಸವಣೂರಿನವರ ಬೇಡ ಅನ್ನುವ ಮಾತು ಕೇಳಬೇಕಾದರೆ ಅವರು ಮಲ ಸುರಿದುಕೊಳ್ಳಬೇಕು. ಈ ಅಂತರವೇ ನಮ್ಮ ವಿಷಯ.

೬

ಇವತ್ತು ಆ ‘ಮೇಲೆ’ ಎಲ್ಲಿದೆ? ಗ್ರಾಮದ ಮೇಷ್ಟ್ರುಗಳು, ಹಾಸ್ಟೆಲ್ ಹುಡುಗರು ತಿಳಿದಿರಬೇಕಾದ್ದು ಇಷ್ಟು.

ಸರ್ಕಾರಿ ಕಟ್ಟಡಕ್ಕೆ ಮುಖ್ಯವಾಗಿ ಎರಡು ಒಪ್ಪಿಗೆ ಬೇಕು. ಮೊದಲನೆಯದು ಆಡಳಿತಾತ್ಮಕ ಅನುಮೋದನೆ. ಕಟ್ಟಡ ಯಾವ ಇಲಾಖೆಗೆ ಬೇಕೋ ಆ ಇಲಾಖೆ ಕೊಡುವುದು. ಕಟ್ಟಡ ಬೇಕು, ಇಷ್ಟು ದುಡ್ಡು ಇದೆ ಎನ್ನುವುದು ಅದರ ಅರ್ಥ. ಎರಡನೆಯದು ತಾಂತ್ರಿಕ ಮಂಜೂರಾತಿ. ನಕ್ಷೆ, ಅಂದಾಜು ಸರಿ ಇದೆ ಎಂದು ಇಂಜಿನಿಯರುಗಳು ಕೊಡುವುದು. ಕಾಮಗಾರಿಯ ಮೊತ್ತ ದೊಡ್ಡದಾದಷ್ಟೂ ಸಹಿ ಮೇಲಿನ ಇಂಜಿನಿಯರಿಗೆ ಹೋಗುತ್ತದೆ. ದೊಡ್ಡ ಕಟ್ಟಡವಾದರೆ ಬೆಂಗಳೂರಿನ ಮುಖ್ಯ ವಾಸ್ತುಶಿಲ್ಪಿಯ ಕಚೇರಿಯಿಂದ ನಕ್ಷೆ ಬರುತ್ತದೆ. ಸಣ್ಣದಕ್ಕೆ ಟೈಪ್ ಡಿಸೈನು. ಅಂದರೆ ಒಂದೇ ನಕ್ಷೆ, ಊರು ನೂರು. ಅಂಗನವಾಡಿಗೆ ಒಂದು, ಹಾಸ್ಟೆಲಿಗೆ ಒಂದು, ಸಮುದಾಯ ಭವನಕ್ಕೆ ಒಂದು. ಕೇರಿ ಎತ್ತ ಇದೆ, ಇಳಿಜಾರು ಎತ್ತ ಇದೆ, ನೀರು ಎಲ್ಲಿದೆ ಎಂದು ಆ ನಕ್ಷೆಗೆ ಗೊತ್ತಿಲ್ಲ. ಅದನ್ನು ಹೇಳಬೇಕಾದವರು ಅಲ್ಲಿರುವ ಜನ. ಅವರನ್ನು ಕೇಳುವುದು ಈ ಎರಡು ಒಪ್ಪಿಗೆಗಳಲ್ಲಿ ಎಲ್ಲೂ ಬರುವುದಿಲ್ಲ.

ಆಮೇಲೆ ಕೆಲಸ ಟೆಂಡರಿಗೆ ಹೋಗುತ್ತದೆ, ಇಲ್ಲವೇ ನಿರ್ಮಿತಿ ಕೇಂದ್ರಕ್ಕೋ, ಜನ ಇವತ್ತಿಗೂ ಭೂಸೇನೆ ಎಂದೇ ಕರೆಯುವ ನಿಗಮಕ್ಕೋ ಹೋಗುತ್ತದೆ. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ನಗರದಲ್ಲಿ ಇನ್ನೊಂದು ಬಗೆ. ೨೦೧೬ರ ಸೆಪ್ಟೆಂಬರಿನಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆ ಯೋಜನೆಯ ನಿಯಮದಂತೆ ಒಂದೊಂದು ನಗರಕ್ಕೂ ಒಂದೊಂದು ಕಂಪನಿ ಆಯಿತು. ಅದರಲ್ಲಿ ರಾಜ್ಯದ ಪಾಲು ಅರ್ಧ, ನಗರಾಡಳಿತದ ಪಾಲು ಅರ್ಧ. ತೀರ್ಮಾನ ಮಾತ್ರ ಕಂಪನಿಯ ನಿರ್ದೇಶಕ ಮಂಡಳಿಯದು. ೧೮೯೯ರ ಕಾಯ್ದೆಯಲ್ಲಿ ಪುರಸಭೆಗೆ ಆಕ್ಷೇಪಣೆ ಬರೆಯುವ ಹಕ್ಕಾದರೂ ಇತ್ತು. ಇಲ್ಲಿ ನಾವು ಓಟು ಹಾಕಿ ಕಳಿಸಿದ ಕಾರ್ಪೊರೇಟರು ಕಂಪನಿಯ ಬಾಗಿಲು ತಟ್ಟಬೇಕು. ಆ ಯೋಜನೆ ೨೦೨೫ರ ಮಾರ್ಚಿಗೆ ಮುಗಿಯಿತು. ‘ಮೇಲೆ’ ಎನ್ನುವುದು ಸರ್ಕಾರದಿಂದ ಕಂಪನಿಗೂ ಹಾರಬಲ್ಲದು ಎಂಬ ಪಾಠ ಉಳಿಯಿತು.

೭

ಹಾಗಾದರೆ ನಮ್ಮ ಕೈಯಲ್ಲಿ ಏನಿದೆ?

ಮೊದಲನೆಯದು ೨೦೦೫ರ ಮಾಹಿತಿ ಹಕ್ಕು ಕಾಯ್ದೆ. ಅದರ ೨ನೇ ಕಲಮಿನಲ್ಲಿ ಮಾಹಿತಿ ಹಕ್ಕು ಎಂದರೆ ಏನು ಅಂತ ಬಿಡಿಸಿ ಹೇಳಿದೆ. ಕಡತ ನೋಡುವುದು, ನಕಲು ಪಡೆಯುವುದು ಮಾತ್ರವಲ್ಲ. ಕಾಮಗಾರಿಯನ್ನೇ ಪರಿಶೀಲಿಸುವುದು, ಸಾಮಗ್ರಿಯ ಮಾದರಿ ಪಡೆಯುವುದೂ ಅದರಲ್ಲಿ ಸೇರಿದೆ. ಸಿಮೆಂಟು ಎಷ್ಟು, ಮರಳು ಎಷ್ಟು ಅಂತ ನೋಡಲು ಗಾರೆಯ ತುಂಡನ್ನೇ ಕೇಳಬಹುದು. ಹತ್ತು ರೂಪಾಯಿ ಶುಲ್ಕ. ಬಡತನದ ರೇಖೆ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ೧೫೦ ಪದದೊಳಗೆ ಬರೆಯಿರಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ‘ನಿಮಗ್ಯಾಕೆ ನಕ್ಷೆ’ ಎಂದು ಕೇಳುವ ಅಧಿಕಾರ ಯಾವ ಗುಮಾಸ್ತರಿಗೂ ಇಲ್ಲ. ಮಾಹಿತಿ ಯಾಕೆ ಬೇಕು ಅಂತ ಕಾರಣ ಕೊಡಬೇಕಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಆವತ್ತು ನನಗೆ ಇದು ಗೊತ್ತಿರಲಿಲ್ಲ. ಪದವಿ ಇತ್ತು, ಈ ಒಂದು ಸಾಲು ಇರಲಿಲ್ಲ.

ಎರಡನೆಯದು ಗ್ರಾಮಸಭೆ. ಅಲ್ಲಿ ಬಾಯಿಮಾತಿನಲ್ಲಿ ಹೇಳಿ ಎದ್ದು ಬರಬೇಡಿ. ‘ಬಾಗಿಲು ಕೇರಿ ಕಡೆಗೆ ಇರಬೇಕು, ಕಕ್ಕಸ್ಸು ತೊಂಬೆಯಿಂದ ದೂರ ಇರಬೇಕು’ ಎಂದು ನಡಾವಳಿಯಲ್ಲಿ ಬರೆಸಿ. ಬರೆದದ್ದನ್ನು ಓದಿಸಿ ಕೇಳಿ. ಆಮೇಲೆ ಸಹಿಯಾಗಲಿ, ಹೆಬ್ಬೆಟ್ಟಾಗಲಿ ಒತ್ತಿ.

ಮೂರನೆಯದು ನಾವು ಸಂಘಟನೆಯಾಗಿ ಕೇಳಬೇಕಾದದ್ದು. ಯಾರ ಕೇರಿಯಲ್ಲಿ ಕಟ್ಟಡವೋ ಅವರ ಮುಂದೆ ನಕ್ಷೆ ಇಟ್ಟು, ಕನ್ನಡದಲ್ಲಿ ವಿವರಿಸಿ, ಅವರ ಆಕ್ಷೇಪಣೆ ಬರೆದುಕೊಳ್ಳದ ಹೊರತು ತಾಂತ್ರಿಕ ಮಂಜೂರಾತಿ ಕೊಡಕೂಡದು. ಆಕ್ಷೇಪಣೆ ಒಪ್ಪದಿದ್ದರೆ ಕಾರಣ ಬರವಣಿಗೆಯಲ್ಲಿ ಬರಬೇಕು. ಬ್ರಿಟಿಷರು ೧೮೯೯ರಲ್ಲಿ ಮುನಿಸಿಪಾಲಿಟಿಗೆ ಕೊಟ್ಟದ್ದನ್ನು ಸ್ವತಂತ್ರ ಭಾರತ ಕೇರಿಗೆ ಕೊಡಲಿ. ಇದು ದೊಡ್ಡ ಕ್ರಾಂತಿಯೇನಲ್ಲ. ಬಹಳ ತಡವಾದ ಒಂದು ಸೌಜನ್ಯ.

ಆ ಕೇರಿಯ ಕತೆ ಎಲ್ಲಿಗೆ ಬಂತು ಅಂತ ಕೇಳುತ್ತೀರಿ. ಸುಣ್ಣದ ಗೆರೆ ಮೊದಲ ಮಳೆಗೇ ಅಳಿಸಿಹೋಯಿತು. ಪಾಯ ಇನ್ನೂ ತೆಗೆದಿಲ್ಲ. ನಲವತ್ತು ಜನ ಸೇರಿ ಅರ್ಜಿ ಬರೆದಿದ್ದಾರೆ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದಿದ್ದಾರೆ. ಗಾರೆ ಕೆಲಸದ ಆ ಹಿರಿಯರು ಒಂದು ಸಂಜೆ ಶಾಲೆ ಹುಡುಗನ ನೋಟ್‌ಬುಕ್ಕಿನ ಚೌಕದ ಹಾಳೆ ಹರಿದುಕೊಂಡು, ಪೆನ್ಸಿಲಿನಲ್ಲಿ ಭವನ ಬರೆದರು. ಬಾಗಿಲು ಕೇರಿಯ ಕಡೆಗೆ. ಮುಂದೆ ಜಗಲಿ. ಕಕ್ಕಸ್ಸು ಇಳಿಜಾರಿನ ಆ ತುದಿಗೆ. ಊರವರೂ ಬರಲಿ ಅಂತ ಪಕ್ಕಕ್ಕೆ ಇನ್ನೊಂದು ಬಾಗಿಲು. ಐವತ್ತು ವರ್ಷ ಬೇರೆಯವರ ನಕ್ಷೆಗೆ ಕಲ್ಲು ಇಟ್ಟ ಕೈ ಅದು. ಅಳತೆ ಒಂದೂ ತಪ್ಪಿರಲಿಲ್ಲ.

ಆ ಹಾಳೆಯನ್ನೂ ಅರ್ಜಿಯ ಜೊತೆ ಲಗತ್ತಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಗೆಳೆಯರೇ, ನಿಮ್ಮ ಊರಿನಲ್ಲೂ ಏನಾದರೂ ಮಂಜೂರಾಗಿರುತ್ತದೆ. ಗುದ್ದಲಿ ಪೂಜೆಗೆ ಮುಂಚೆ ಹೋಗಿ ನಕ್ಷೆ ಕೇಳಿ.